ಪಂಚಾಂಗ ಸರಿಯಾಗೇ ಇತ್ತು, ತಪ್ಪಿದ್ದು ನಾನು

2025ರ ಬಿಸುವಿನ ದಿನದ ಕಥೆ ಇದು. ಉಡುಪಿಯ ನಮ್ಮ ಮನೆಯಲ್ಲಿ ಯುಗಾದಿ ಅಂದ್ರೆ ಬಿಸುವೇ. ಹಬ್ಬದ ಬೆಳಿಗ್ಗೆ ಮೊದಲು ನೋಡಲೆಂದು ಜೋಡಿಸುವ ಕಣಿಯ ಪಕ್ಕ ಇಟ್ಟಿದ್ದ ಹೊಸ ಪಂಚಾಂಗವನ್ನು ಅಕ್ಕನ ಮಗ ಎತ್ತಿಕೊಂಡ. ‘ಗತಕಲಿ 5126, ಶಾಲಿವಾಹನ ಶಕೆ 1947’ ಅಂತ ಓದಿದವನು ಸೀದಾ ನನ್ನ ಮೊಬೈಲ್ ಕಿತ್ತುಕೊಂಡ. ಗತಕಲಿ ಅಂದ್ರೆ ಕಲಿಯುಗದ ವರ್ಷಗಳ ಲೆಕ್ಕ. ಆ ಯುಗ ಶುರುವಾಗಿದ್ದು ಕ್ರಿ.ಪೂ. 3102 ಅಂತ ಎಲ್ಲ ಕಡೆ ಬರೆದಿರುತ್ತದೆ. ಅದಕ್ಕೆ 2025 ಕೂಡಿಸಿದರೆ 5127.

‘ಮಾಮ, ಒಂದು ವರ್ಷ ಕಮ್ಮಿ ಉಂಟು!’

ನಾನೂ ಕೂಡಿಸಿ ನೋಡಿದೆ. ಹೌದಲ್ವಾ! ಸುಮ್ನೆ ಇರಬಹುದಿತ್ತು. ಇಲ್ಲೇ ಪೋಸ್ಟ್ ಹಾಕಿದೆ, ಜೊತೆಗೆ ಸ್ವಲ್ಪ ವ್ಯಂಗ್ಯ ಬೇರೆ. ಅರ್ಧ ಗಂಟೆಯೊಳಗೆ ಮಂಗಳೂರಿನ ಗೆಳೆಯರ ಫೋನು. ‘ಎಂಥ ಮಾರಾಯ್ರೆ, ಸೊನ್ನೆ ವರ್ಷ ಎಲ್ಲಿಂದ ತಂದ್ರಿ?’

ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1 ಶುರು. ನಡುವೆ ಸೊನ್ನೆ ಇಲ್ಲ. ಸುಮ್ನೆ ಕೂಡಿಸಿದಾಗ ಇಲ್ಲದ ಆ ವರ್ಷವೂ ಲೆಕ್ಕಕ್ಕೆ ಬಂದುಬಿಟ್ಟಿತ್ತು. 5127ರಲ್ಲಿ ಅದೊಂದನ್ನು ಕಳೆದರೆ 5126. 525ರಲ್ಲಿ ಡಯೊನೀಷಿಯಸ್ ಎಂಬ ಸನ್ಯಾಸಿ ಈಸ್ಟರ್ ದಿನದ ಪಟ್ಟಿ ಮಾಡುವಾಗ ಕ್ರಿಸ್ತನಿಂದ ವರ್ಷ ಎಣಿಸಿದ. ಅವನ ರೋಮನ್ ಅಂಕಿಗಳಲ್ಲಿ ಸೊನ್ನೆಗೆ ಗುರುತೇ ಇರಲಿಲ್ಲ. (ಆ ಎಣಿಕೆಯೂ ತುಸು ತಪ್ಪಿದೆ. ಹೆರೋದ ರಾಜ ಸತ್ತಿದ್ದು ಕ್ರಿ.ಪೂ. 4ರಲ್ಲಿ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅವನ ಕಾಲದಲ್ಲಿ ಹುಟ್ಟಿದ ಕ್ರಿಸ್ತ ಹಾಗಾದರೆ ಕ್ರಿಸ್ತಪೂರ್ವದವನೇ!)

ನನಗೆ ಇದು ತಲೆಗೆ ಹೋಗಿದ್ದು ಅಮ್ಮನ ಮಾತಿನಿಂದ. ಮೊಮ್ಮಗನ ವಯಸ್ಸು ಯಾರೋ ಕೇಳಿದಾಗ ‘ಹತ್ತು ತುಂಬಿ ಹನ್ನೊಂದು ನಡೀತಾ ಉಂಟು’ ಎಂದರು. ಅಷ್ಟೇ ವಿಷಯ. ಇಸವಿ ನಡೆಯುತ್ತಿರುವ ವರ್ಷದ ಲೆಕ್ಕ, ಗತಕಲಿ ತುಂಬಿದ ವರ್ಷದ ಲೆಕ್ಕ. ನಿನ್ನೆ ಹುಟ್ಟಿದ ಕೂಸಿಗೆ ತುಂಬಿದ್ದು ಸೊನ್ನೆ, ನಡೆಯುತ್ತಿರುವುದು ಒಂದು.

ನಮ್ಮವರು ಇದರಲ್ಲಿ ಎಷ್ಟು ಗಟ್ಟಿ ಅಂತ ಐಹೊಳೆ ಶಾಸನ ನೋಡಬೇಕು. ಇಮ್ಮಡಿ ಪುಲಿಕೇಶಿಯ ಕಾಲದಲ್ಲಿ ರವಿಕೀರ್ತಿ ಬರೆದದ್ದು. ಭಾರತ ಯುದ್ಧವಾಗಿ 3735 ವರ್ಷ ಕಳೆದಿದೆ, ಶಕವರ್ಷ 556 ಕಳೆದಿದೆ ಅಂತ ಎರಡು ಲೆಕ್ಕವನ್ನೂ ಒಂದೇ ಕಲ್ಲಿನಲ್ಲಿ ಕೊಟ್ಟಿದ್ದಾನೆ. ಯುದ್ಧ ಯಾವಾಗ ನಡೆಯಿತು ಅನ್ನುವ ಜಗಳಕ್ಕೆ ನಾನಿಲ್ಲ. ಲೆಕ್ಕ ಮಾತ್ರ ನೋಡಿ. 3735ರಲ್ಲಿ 556 ಕಳೆದರೆ 3179. ನಮ್ಮನೆ ಪಂಚಾಂಗದ 5126ರಲ್ಲಿ 1947 ಕಳೆಯಿರಿ. ಅದೇ 3179! 1391 ವರ್ಷ ದಾಟಿ ಬಂದರೂ ಒಂದು ವರ್ಷ ಆಚೀಚೆ ಆಗಿಲ್ಲ. ನಾನು ಆಡಿಕೊಂಡದ್ದು ಇದನ್ನು.

ಖಗೋಳದವರಿಗೆ ಈ ರಗಳೆ ಬೇಡವಾಗಿ ಸೊನ್ನೆ ವರ್ಷವನ್ನು ತಾವೇ ಸೇರಿಸಿಕೊಂಡಿದ್ದಾರೆ. ಅವರ ಪಾಲಿಗೆ ಕ್ರಿ.ಪೂ. 1 ಅಂದ್ರೆ 0, ಕ್ರಿ.ಪೂ. 3102 ಅಂದ್ರೆ -3101. ನಾವು ಇನ್ನೂ ಕ್ರಿ.ಪೂ. ಬರೆಯಬೇಕೋ ಸಾ.ಶ.ಪೂ. (ಸಾಮಾನ್ಯ ಶಕ ಪೂರ್ವ) ಬರೆಯಬೇಕೋ ಅಂತಲೇ ಜಾಸ್ತಿ ಕಚ್ಚಾಡುತ್ತೇವೆ. ಯಾವುದನ್ನಾದರೂ ಬರೆಯಿರಿ, ಕೂಡಿಸಿದ ಮೇಲೆ ಒಂದು ಕಳೆಯಿರಿ ಮಾರಾಯ್ರೆ.

ಇಷ್ಟೆಲ್ಲ ಅಕ್ಕನ ಮಗನಿಗೆ ವಿವರಿಸಿ ಪರೀಕ್ಷೆ ಮಾಡಿದೆ. ಕ್ರಿ.ಪೂ. 10ರಲ್ಲಿ ಹುಟ್ಟಿದವನಿಗೆ ಕ್ರಿ.ಶ. 10ರ ಹುಟ್ಟುಹಬ್ಬಕ್ಕೆ ವಯಸ್ಸೆಷ್ಟು?

‘ತುಂಬಿದ್ದಾ, ನಡೆಯುವುದಾ?’ ಎಂದ.