ಬಿಸಿಲೆಲ್ಲ ಅಡಿಕೆಗೆ

ನರ್ಸರಿಯವರು ದಾಸವಾಳದ ಚಟ್ಟಿಗೆ ಸಿಕ್ಕಿಸಿ ಕೊಟ್ಟ ಚೀಟಿಯಲ್ಲಿ ‘ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು’ ಅಂತಿದೆ. ಬರೆದ ಪುಣ್ಯಾತ್ಮರು ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ಕೃಷಿಕರ ಮನೆಗೆ ಒಮ್ಮೆ ಬಂದು ಹೋಗಬೇಕು. ಮನೆಯ ಸುತ್ತಲೂ ತೋಟ. ಬಿಸಿಲು ಕಾಣುವುದು ಅಂಗಳದಲ್ಲಿ ಮಾತ್ರ. ಆ ಅಂಗಳ ಡಿಸೆಂಬರಿನಿಂದ ಅಡಿಕೆ ಒಣಗಿಸಲಿಕ್ಕೆ, ಜೂನಿನಿಂದ ಮಳೆಗೆ. ಅದೂ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ. ಇಂಥ ಊರಿನಲ್ಲಿ ಲ್ಯಾವೆಂಡರನ್ನೂ ಮಾರುತ್ತಾರೆ! ಒಣಹವೆಯ ಗಿಡ, ಜಡಿಮಳೆಯ ಆಟಿ ತಿಂಗಳಲ್ಲಿ ಬೇರು ಕೊಳೆಯದೆ ಇನ್ನೇನು ಮಾಡೀತು?

ಅಂಗಳದ ತೆಂಕು ಅಂಚಿನಲ್ಲಿ ದಾಸವಾಳ, ಕೇಪುಳ, ರತ್ನಗಂಧಿ ಸಾಲಾಗಿ ನೆಟ್ಟಿದ್ದೇನೆ. ಮೂರೂ ಈ ಮುರಮಣ್ಣಿಗೆ, ಈ ಸೆಕೆಗೆ ಒಗ್ಗಿದವು. ಒಗ್ಗದಿರುವುದು ಮಾವನಿಗೆ. ಡಿಸೆಂಬರಿನಲ್ಲಿ ಸೂರ್ಯ ತೆಂಕಕ್ಕೆ ವಾಲುತ್ತಾನಲ್ಲ, 6 ಅಡಿಯ ಗಿಡದ ನೆರಳು ನಡುಮಧ್ಯಾಹ್ನವೂ 4 ಅಡಿಯಷ್ಟು ಅಂಗಳದೊಳಗೆ ಚಾಚುತ್ತದೆ. ಮಾವ ಊಟ ಮಾಡಿ ಕೈತೊಳೆದವರೇ ಅಂಗಳಕ್ಕಿಳಿದು, ಕಾಲಲ್ಲಿ ಅಡಿಕೆ ಮಗುಚುತ್ತಾ ನೆರಳಿನ ತುದಿಗೆ ಬಂದು ನಿಲ್ಲುತ್ತಾರೆ. ಜಾಗದ ಗಡಿ ಅಳೆಯಲು ಬಂದ ಸರ್ವೇಯರನ ಗಾಂಭೀರ್ಯ. ನೆರಳನ್ನು ನೋಡುತ್ತಾರೆ, ಗಿಡವನ್ನು ನೋಡುತ್ತಾರೆ, ಯಾವ ಗೆಲ್ಲಿನದು ಅಂತ ಬೆರಳಲ್ಲೇ ಗೆರೆ ಎಳೆಯುತ್ತಾರೆ. ಆಮೇಲೆ ಸೊಂಟದ ಕೊಕ್ಕೆಯಿಂದ ಕತ್ತಿ.

ದಾಸವಾಳ ಹೂ ಬಿಡುವುದೇ ಹೊಸ ಚಿಗುರಿನ ತುದಿಯಲ್ಲಿ. ಮೊನ್ನೆ ಬಿದ್ದ ಗೆಲ್ಲಿನಲ್ಲಿ ಏಳು ಮೊಗ್ಗಿತ್ತು. ಒಂದರಲ್ಲಿ ಕೆಂಪು ಇಣುಕುತ್ತಿತ್ತು.

“ಮಾವ, ಮೊಗ್ಗು...”

“ಚಾಲಿ ಅಡಿಕೆಗೆ ಬೂಸ್ಟು ಬಂದರೆ ನಿನ್ನ ಮೊಗ್ಗು ರೇಟು ಕೊಡುತ್ತದಾ?”

ಅತ್ತೆ ಇದ್ದಾಗ ಈ ತಕರಾರೇ ಇರಲಿಲ್ಲ. ಬಚ್ಚಲು ನೀರು ಹೋಗುವ ಕಣಿಯ ಬದಿಯಲ್ಲಿ ಸುಗಂಧಿ ಗೆಡ್ಡೆ ಊರಿದ್ದರು. ಅರೆನೆರಳು, ಸದಾ ಪಸೆ, ಅದಕ್ಕೆ ಬೇಕಾದದ್ದೂ ಅಷ್ಟೇ. ಚೀಟಿಗೀಟಿ ಓದಿದವರಲ್ಲ. ಮಳೆಗಾಲದ ಸಂಜೆ ಬಿಳಿ ಹೂ ಅರಳಿದರೆ ಜಗಲಿಯವರೆಗೂ ಪರಿಮಳ. ಒಂದನ್ನು ಮುಡಿದುಕೊಂಡೇ ದೀಪ ಹಚ್ಚುತ್ತಿದ್ದರು. ಸುಗಂಧಿ ಈಗಲೂ ಅಲ್ಲೇ ಇದೆ. ಆದರೆ ಈ ಛಳಿಗೆ ಹೂವೆಲ್ಲಿಂದ?

ಹಾಗಾಗಿ ಪೂಜೆಗೆ ದಾಸವಾಳವೇ ಗತಿ. ಪೂಜೆ ಮಾಡುವವರೂ ಮಾವನೇ. ಇವತ್ತು ಬೆಳಿಗ್ಗೆ ಮಡಿ ಉಟ್ಟು, ಖಾಲಿ ಹರಿವಾಣ ಹಿಡಿದುಕೊಂಡು ಗಿಡಕ್ಕೆ ಎರಡು ಸುತ್ತು ಬಂದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದೆ.

“ಇದೆಂಥ ಗಿಡ ತಂದದ್ದು ನೀನು? ಒಂದು ಹೂ ಇಲ್ಲ. ಬಿಸಿಲು ಸಾಕಾಗುವುದಿಲ್ಲ ಅಂತ ಕಾಣುತ್ತದೆ.”