ಟ್ಯೂಬಿಗೆ ಉಗಿಯಮ್ಮ, ಸಂಬಂಧ ಕುದುರಲಿ

ಹೋದ ತಿಂಗಳು ಒಂದು ಭಾನುವಾರ ನಾನು ಧರ್ಮಸ್ಥಳಕ್ಕೆ ಹೋಗಿದ್ದೆ. ಹಾಗಂತ ನಮ್ಮ ಅತ್ತಿಗೆ ಬಂದವರಿಗೆಲ್ಲ ಹೇಳಿದ್ದರು. ನಾನಿದ್ದಿದ್ದು ಕೋಲಾರದ ಹತ್ತಿರದ ನಮ್ಮದೇ ಮನೆಯ ಅಟ್ಟದಲ್ಲಿ, ಖಾಲಿ ಟೊಮೆಟೊ ಕ್ರೇಟುಗಳ ನಡುವೆ. ಕೈಯಲ್ಲಿ ಬೋಂಡದ ತಟ್ಟೆ. ಕೆಳಗೆ ಅಣ್ಣನ ಮಗಳನ್ನು ನೋಡಲು ಮುಳಬಾಗಿಲಿನಿಂದ ಗಂಡಿನ ಕಡೆಯವರು ಬಂದಿದ್ದರು. ಅಟ್ಟದ ಹಲಗೆ ಸಂದಿನಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಧರ್ಮಸ್ಥಳದಲ್ಲೂ ಇಷ್ಟು ಹತ್ತಿರದ ದರ್ಶನ ಸಿಗುವುದಿಲ್ಲ.

ನನ್ನನ್ನು ಅಟ್ಟ ಹತ್ತಿಸಿದ್ದಕ್ಕೆ ಕಾರಣ ಇದೆ. ನನಗೆ ಬೈಪೋಲಾರ್ ಕಾಯಿಲೆ. ಮನಸ್ಸು ಏರಿದರೆ ಆಕಾಶ, ಇಳಿದರೆ ಪಾತಾಳ, ನಮ್ಮೂರ ಟೊಮೆಟೊ ರೇಟಿನ ಹಾಗೆ. 2004ರಲ್ಲಿ ಮೊದಲ ಸಲ ಏರಿದಾಗ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಪಶ್ಚಿಮ ಘಟ್ಟದ ನೀರನ್ನು ಕೋಲಾರದ ಕೆರೆಗಳಿಗೆ ತರುವ ನಕ್ಷೆ ಬರೆದು ಸರ್ಕಾರಿ ಕಚೇರಿಗೆ ಕೊಂಡೊಯ್ದಿದ್ದೆ. ಮನೆಯವರು ಹೆದರಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಲಿಥಿಯಂ ಮಾತ್ರೆ ಶುರುವಾಯಿತು. ಹತ್ತು ವರ್ಷದ ಮೇಲೆ, 2014ರಲ್ಲಿ, ಎತ್ತಿನಹೊಳೆ ಯೋಜನೆ ಅಂತ ಸರ್ಕಾರವೇ ಅದಕ್ಕೆ ಶಂಕುಸ್ಥಾಪನೆ ಮಾಡಿತು. ಅವರನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ನಾನು ಮಾತ್ರೆ ನುಂಗಿ ಸರಿ ಇದ್ದೇನೆ. ನೀರಿನ ವಿಷಯ ನೀವೇ ವಿಚಾರಿಸಿ.

ಕೆಳಗೆ ಸಾಲಾವಳಿ ಕೂಡಿತ್ತು. 36ಕ್ಕೆ 27 ಗುಣ. ಕೇಸರಿಬಾತ್ ಮುಗಿದಿತ್ತು. ಇನ್ನೇನು ಎಲೆ ಅಡಿಕೆ ಬದಲಾಯಿಸಬೇಕು, ಆಗ ಬ್ರೋಕರ್ ಬ್ಯಾಗಿನಿಂದ ಒಂದು ಡಬ್ಬಿ ತೆಗೆದ. ಅದರೊಳಗೆ ಬೆರಳುದ್ದದ ಪ್ಲಾಸ್ಟಿಕ್ ಟ್ಯೂಬು.

“ಇದೇನ್ರೀ?” ಅಂದ ನಮ್ಮಣ್ಣ.

“ಮೈಂಡ್ ಜೀನ್ ಟೆಸ್ಟು ಸಾರ್. ಈಗೆಲ್ಲ ಬರೀ ಜಾತಕ ಸಾಕಾಗಲ್ಲ. ಹುಡುಗಿ ಇದಕ್ಕೆ ಉಗಿದ್ರೆ ಆಯ್ತು. ಮುಂದೆ ತಲೆ ಕೆಡುತ್ತೋ ಇಲ್ವೋ, ಮೂರು ವಾರದಲ್ಲಿ ರಿಪೋರ್ಟು. 12,000 ರೂಪಾಯಿ. ಖರ್ಚು ಹೆಣ್ಣಿನ ಕಡೆಯವರದು.”

ಗಂಡಿನ ತಾಯಿ ಮುದ್ದು ಮಾಡುತ್ತಾ, “ಉಗಿಯಮ್ಮ, ನಾಚ್ಕೋಬೇಡ” ಅಂದರು. ಹೆಣ್ಣು ನೋಡಲು ಬಂದವರೇ ಉಗಿ ಉಗಿ ಎಂದು ಕೇಳಿಕೊಂಡಿದ್ದನ್ನು ನಾನು ಹಿಂದೆಂದೂ ಕಂಡಿಲ್ಲ. ನಮ್ಮ ಹುಡುಗಿ ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು. ಆಮೇಲೆ ಟ್ಯೂಬಿಗೇ ಉಗಿದಳು. ಸಂಸ್ಕಾರವಂತೆ.

ಬಾಯಿ ಒರೆಸಿಕೊಂಡು, “ಅವರ ಟ್ಯೂಬ್ ಎಲ್ಲಿ?” ಎಂದು ಕೇಳಿದಳು. ಎಂಎಸ್ಸಿ ಓದಿದ ಹುಡುಗಿ, ಕೇಳದೆ ಬಿಡ್ತಾಳಾ?

ಗಂಡಿನ ತಂದೆ ನಕ್ಕರು. “ನಮಗ್ಯಾಕಮ್ಮ ಟ್ಯೂಬು? ನಮ್ಮದು ಶುದ್ಧ ರಕ್ತ. ನಮ್ಮಪ್ಪ ಅವರಕ್ಕನ ಮಗಳನ್ನೇ ಕಟ್ಕೊಂಡ್ರು. ನಾನೂ ನಮ್ಮಕ್ಕನ ಮಗಳನ್ನೇ ಕಟ್ಕೊಂಡೆ. ಹೊರಗಿನವರನ್ನು ಸೇರಿಸೇ ಇಲ್ಲ.”

ನನಗೆ ಬೋಂಡ ಗಂಟಲಲ್ಲಿ ಸಿಕ್ಕಿಕೊಂಡಿತು. ಸೋದರಮಾವನನ್ನು ಮದುವೆಯಾದವಳ ಮಗುವಿನ ಜೀನ್‌ಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಒಂದೇ ನಕಲು ಬಂದಿರುತ್ತದೆ. ಅದು ಒಂದು ತಲೆಮಾರಿನ ಲೆಕ್ಕ. ಇವರದು ಎರಡನೆಯ ತಲೆಮಾರು. ಟ್ಯೂಬು ಯಾರಿಗೆ ಕೊಡಬೇಕಿತ್ತು, ಯಾರಿಗೆ ಕೊಟ್ಟರು ನೋಡಿ.

ಆಮೇಲೆ ಮನೆಮಂದಿಯ ಲೆಕ್ಕ ಶುರುವಾಯಿತು. ಅವರ ಕಡೆ ಒಬ್ಬ ತಮ್ಮ ಇದ್ದಾರಂತೆ. ದುಬೈನಲ್ಲಿ. ಹನ್ನೆರಡು ವರ್ಷ ಆಯ್ತಂತೆ, ಬರಲು ರಜವೇ ಸಿಗುವುದಿಲ್ಲವಂತೆ. “ನಿಮಗೂ ಒಬ್ಬ ತಮ್ಮ ಇದ್ದಾರಂತಲ್ಲ?” ಅಂದರು. “ಧರ್ಮಸ್ಥಳ” ಅಂದರು ಅತ್ತಿಗೆ, ಫಿಲ್ಟರ್ ಕಾಫಿ ಮುಂದೆ ತಳ್ಳುತ್ತಾ.

ಆ ಟ್ಯೂಬಿಗೆ ನಿಜವಾಗಿ ಏನು ಗೊತ್ತಾಗುತ್ತೆ ಅನ್ನೋದು ಕೇಳಬೇಕಾದ ಪ್ರಶ್ನೆ. ಇಪ್ಪತ್ತು ವರ್ಷದಿಂದ ಈ ಕಾಯಿಲೆ ಜೊತೆ ಸಂಸಾರ ಮಾಡಿದವನು ನಾನು. ಅದರ ಸುದ್ದಿ ಎಲ್ಲಿ ಬಂದರೂ ಕತ್ತರಿಸಿ ಇಡುತ್ತೇನೆ. 1987ರಲ್ಲಿ ಅಮೆರಿಕದ ಆಮಿಷ್ ಜನಾಂಗದ ಒಂದು ದೊಡ್ಡ ಕುಟುಂಬವನ್ನು ಪರೀಕ್ಷಿಸಿ, 11ನೇ ಕ್ರೋಮೋಸೋಮಿನಲ್ಲಿ ಈ ಕಾಯಿಲೆಯ ಜೀನ್ ಇದೆ ಎಂದರು. ದೊಡ್ಡ ಸುದ್ದಿ. 1989ರಲ್ಲಿ ಅದೇ ಕುಟುಂಬವನ್ನು ಮತ್ತೆ ನೋಡಿದಾಗ ಲೆಕ್ಕ ಬಿದ್ದುಹೋಯಿತು. ಅದು ಸಣ್ಣ ಸುದ್ದಿ. ಆಮೇಲೆ ಖಿನ್ನತೆಗೆ ಇದೇ ಜೀನ್, ಅದೇ ಜೀನ್ ಅಂತ ವರ್ಷಾನುಗಟ್ಟಲೆ ಲೇಖನ ಬರೆದರು. 2019ರಲ್ಲಿ ಹೆಸರು ಮಾಡಿದ 18 ಜೀನ್‌ಗಳನ್ನು ಲಕ್ಷಗಟ್ಟಲೆ ಜನರ ಮಾಹಿತಿಯಲ್ಲಿ ಹುಡುಕಿದರೆ, ಕಣ್ಣು ಮುಚ್ಚಿ ಆರಿಸಿದ ಜೀನ್‌ಗಳಿಗಿಂತ ಅವಕ್ಕೆ ಖಿನ್ನತೆಯ ನಂಟು ಹೆಚ್ಚೇನೂ ಇರಲಿಲ್ಲ.

ಸುಮ್ನೆ ವಿಜ್ಞಾನಿಗಳನ್ನು ಆಡಿಕೊಳ್ಳುತ್ತಿಲ್ಲ. ತಪ್ಪಾಗಿದ್ದರೆ ತಾವೇ ಹೇಳುತ್ತಾರೆ, ಅದು ನಮ್ಮ ಬ್ರೋಕರನಿಗೆ ಸಾಧ್ಯವಾ? ಈಗ ಅವರ ದಾರಿಯೇ ಬದಲಾಗಿದೆ. ಒಂದು ಜೀನ್ ಹುಡುಕುವುದನ್ನು ಬಿಟ್ಟು, ಸಾವಿರಾರು ರೋಗಿಗಳ ಪೂರ್ತಿ ಜೀನ್ ನಕ್ಷೆಯನ್ನು ಒಟ್ಟಿಗೆ ಜರಡಿ ಹಿಡಿಯುತ್ತಾರೆ. 2021ರಲ್ಲಿ ಬೈಪೋಲಾರ್‌ಗೆ ಸಂಬಂಧಪಟ್ಟ 64 ಜಾಗ ಸಿಕ್ಕವು. 2025ರ ಹೊತ್ತಿಗೆ 298. ಸ್ಕಿಜೋಫ್ರೇನಿಯಾ ಎಂಬ ಇನ್ನೊಂದು ಮಾನಸಿಕ ಕಾಯಿಲೆಗೆ 2022ರಲ್ಲೇ 287. ಒಂದೊಂದರ ಪಾಲೂ ಸಾಸಿವೆಯಷ್ಟು.

ಇದು ಅರ್ಥವಾಗದಿದ್ದರೆ ಬೆಳಿಗ್ಗೆ ಕೋಲಾರದ ಎಪಿಎಂಸಿಗೆ ಬನ್ನಿ. 15 ಕೆಜಿಯ ಟೊಮೆಟೊ ಬಾಕ್ಸಿಗೆ ಇವತ್ತು ಯಾಕೆ ಈ ರೇಟು ಅಂತ ಕೇಳಿ. ಮಳೆ ಅಂತಾರೆ. ಬಿಂಗಿ ರೋಗ ಅಂತಾರೆ. ನಾಸಿಕ್ ಮಾಲು ಬಂತು, ಲಾರಿ ಬಾಡಿಗೆ ಏರಿತು, ಹಬ್ಬ ಬಂತು, ಹಬ್ಬ ಹೋಯ್ತು ಅಂತಾರೆ. ಎಲ್ಲವೂ ನಿಜ, ಯಾವುದೊಂದೂ ಪೂರ್ತಿ ಅಲ್ಲ. 2023ರ ಜುಲೈನಲ್ಲಿ ಬಾಕ್ಸು 2,000 ದಾಟಿತು. ಅದಕ್ಕೆ ಹಿಂದಿನ ದಿನ ಟೊಮೆಟೊಗೆ ಉಗಿದು ನೋಡಿದ್ದರೆ ಗೊತ್ತಾಗುತ್ತಿತ್ತಾ?

ಇನ್ನೊಂದು ತಮಾಷೆ. ಈ ಜೀನ್ ಲೆಕ್ಕಗಳಿಗೆ ಮಾದರಿ ಕೊಟ್ಟವರಲ್ಲಿ ಹೆಚ್ಚಿನವರು ಯುರೋಪಿನ ಮೂಲದವರು. ಅವರ ಲೆಕ್ಕವನ್ನು ತಂದು ನಮಗೆ ಹಚ್ಚಿದರೆ ಅಷ್ಟು ಸರಿಯಾಗಿ ಕೂರುವುದಿಲ್ಲ. ಗೋತ್ರ, ನಾಡಿ, ಉಪಪಂಗಡ ಎಲ್ಲ ಕೇಳಿ ಹೆಣ್ಣು ನೋಡಲು ಬರುವ ಜನ, ಜೀನ್ ವಿಷಯದಲ್ಲಿ ಮಾತ್ರ ಯಾವನೋ ಸಾಹೇಬರ ಜಾತಕ ಇಟ್ಟುಕೊಂಡು ಹೊಂದಿಸುತ್ತಾರೆ.

ವಂಶ ಮುಖ್ಯವೇ ಅಲ್ಲ ಅಂತಲ್ಲ. ಅಪ್ಪ ಅಥವಾ ಅಮ್ಮನಿಗೆ ಬೈಪೋಲಾರ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ 100ಕ್ಕೆ 10ರ ಆಸುಪಾಸು. ಬೇರೆಯವರಿಗಿಂತ ಜಾಸ್ತಿಯೇ. ಆದರೆ ಉಳಿದ 90 ಮಕ್ಕಳಿಗೆ ಬರುವುದಿಲ್ಲ, ಅದನ್ನು ಯಾರೂ ಎಣಿಸುವುದಿಲ್ಲ. ಚಿಕ್ಕಪ್ಪನಿಗೆ ಇದ್ದರೆ ಸಾಧ್ಯತೆ ಇನ್ನೂ ಕಡಿಮೆ. ಎಲ್ಲ ಜೀನ್‌ಗಳನ್ನೂ ಹಂಚಿಕೊಂಡು ಹುಟ್ಟಿದ ಅವಳಿಗಳಲ್ಲೇ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರಲೇಬೇಕು ಅಂತಿಲ್ಲ.

ನನ್ನನ್ನು ಉಳಿಸಿದ ಮಾತ್ರೆಗಂತೂ ಜೀನ್ ಗೊತ್ತೇ ಇರಲಿಲ್ಲ. 1940ರ ದಶಕದ ಕೊನೆಗೆ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು ಉನ್ಮಾದದ ರೋಗಿಗಳ ಮೂತ್ರದಲ್ಲಿ ಏನೋ ವಿಷ ಇರಬೇಕು ಅಂತ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಯೂರಿಕ್ ಆಮ್ಲ ಕರಗಲಿ ಅಂತ ಲಿಥಿಯಂ ಸೇರಿಸಿದರು. ಇಲಿಗಳು ತಣ್ಣಗೆ ಮಲಗಿದವು. ಊಹೆ ತಪ್ಪು, ಔಷಧಿ ಸರಿ. ಮಂಡ್ಯದಲ್ಲಿ ಲಿಥಿಯಂ ಇದೆ ಅಂತ ಪೇಪರಿನಲ್ಲಿ ಬಂದ ದಿನ ನಮ್ಮಣ್ಣ ಓಡಿ ಬಂದು, “ಇನ್ಮೇಲೆ ನಿನ್ನ ಮಾತ್ರೆ ಅಗ್ಗ ಆಗುತ್ತೆ ಬಿಡೋ” ಅಂದಿದ್ದ. ಅದು ಬ್ಯಾಟರಿಗೆ ಕಣೋ ಅಂದೆ. ನನಗಿಂತ ಸ್ಕೂಟರಿಗೇ ಮೊದಲು ಸಿಗುತ್ತೆ.

ಜೀನ್ ಹಿಡಿದು ಮಾಡುತ್ತಿರುವ ಒಳ್ಳೆಯ ಕೆಲಸವೂ ಇದೆ. 2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ಬೈಪೋಲಾರ್ ರೋಗಿಗಳ ಚರ್ಮದ ಕೋಶಗಳಿಂದ ತಟ್ಟೆಯಲ್ಲಿ ನರಕೋಶ ಬೆಳೆಸಿದರು. ಅವು ವಿಪರೀತ ಚುರುಕಾಗಿದ್ದವು. ಲಿಥಿಯಂ ಹಾಕಿದರೆ, ಯಾರಿಗೆ ಆ ಔಷಧಿ ಹಿಡಿಸಿತ್ತೋ ಅವರ ಕೋಶಗಳು ಮಾತ್ರ ತಣ್ಣಗಾದವು. ನಮ್ಮ ನಿಮ್ಹಾನ್ಸ್‌ನಲ್ಲೂ ಒಂದೇ ಮನೆಯಲ್ಲಿ ಹಲವರಿಗೆ ಕಾಯಿಲೆ ಇರುವ ಕುಟುಂಬಗಳ ರಕ್ತದಿಂದ ಇಂಥ ಕೋಶ ಬೆಳೆಸಿ ಓದುತ್ತಿದ್ದಾರೆ. ಯಾರಿಗೆ ಯಾವ ಮಾತ್ರೆ ಒಗ್ಗುತ್ತೆ ಅಂತ ಮೊದಲೇ ಗೊತ್ತಾಗುವ ದಿನ ಬರಲಿ ಅನ್ನೋದು ಆಸೆ. ಅವರು ಹುಡುಕುತ್ತಿರುವುದು ಮಾತ್ರೆಗೆ ಹೊಂದುವ ರೋಗಿಯನ್ನು. ಬ್ರೋಕರ್ ಹುಡುಕುತ್ತಿರುವುದು ವರದಕ್ಷಿಣೆಗೆ ಹೊಂದುವ ರೋಗವನ್ನು.

ಮೂರು ವಾರಕ್ಕೆ ರಿಪೋರ್ಟು ಬಂತು. ಬಣ್ಣದ ಹಾಳೆ. ಹಸಿರು ಅಂದರೆ ಒಳ್ಳೆಯದು, ಕೆಂಪು ಅಂದರೆ ಕೆಟ್ಟದ್ದು. ಹುಡುಗಿಗೆ ಹಳದಿ. “ಹಳದಿ ಅಂದ್ರೆ ಅರಿಶಿನ, ಶುಭ ಸಾರ್” ಎಂದ ಬ್ರೋಕರ್. ಗಂಡಿನ ಕಡೆಯವರು ಒಪ್ಪಲಿಲ್ಲ. ಆದರೆ ಬಾಗಿಲು ಪೂರ್ತಿ ಹಾಕಲೂ ಇಲ್ಲ. ದೋಷಕ್ಕೆ ಪರಿಹಾರ ಇದ್ದೇ ಇರುತ್ತೆ ಅಲ್ವಾ? ಮೊದಲು ಮಾತಾಡಿದ್ದಕ್ಕಿಂತ 150 ಗ್ರಾಂ ಚಿನ್ನ ಜಾಸ್ತಿ ಹಾಕಿದರೆ ಹಳದಿಯನ್ನು ಹಸಿರು ಅಂದುಕೊಳ್ಳುತ್ತಾರಂತೆ. ಕೋಲಾರದ ಗಣಿಯಿಂದ ಚಿನ್ನ ತೆಗೆಯುವುದು 2001ರಲ್ಲೇ ನಿಂತಿದೆ. ಹೆಣ್ಣಿನ ಕಡೆಯವರಿಂದ ತೆಗೆಯುವುದು ಇನ್ನೂ ನಿಂತಿಲ್ಲ.

ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತ ಹಿಂದಿನವರು ಗಾದೆ ಕಟ್ಟಿದ್ದು ಯಾರ ಹುಚ್ಚು ನೋಡಿ ಅಂತ ನನಗೆ ಈಗ ಅನುಮಾನ.

ಹುಡುಗಿಯೇ ಫೋನ್ ಮಾಡಿ ಬೇಡ ಎಂದಳು. ಎರಡು ವಾಕ್ಯ ಮಾತಾಡಿದಳಂತೆ. ಈ ಸಲ ಟ್ಯೂಬು ಬಳಸಲಿಲ್ಲ.

ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹತ್ತು ವಯಸ್ಕರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. 600 ಜನ ಊಟಕ್ಕೆ ಕೂತ ಕಲ್ಯಾಣ ಮಂಟಪದಲ್ಲಿ 60 ಜನ ಇರಬೇಕು. ಎಲ್ಲಿದ್ದಾರೆ ಅಂತ ಕೇಳಿದರೆ ಒಬ್ಬರೂ ಇಲ್ಲ. ಎಲ್ಲರೂ ಧರ್ಮಸ್ಥಳದಲ್ಲಿದ್ದಾರೆ.

ಮೊನ್ನೆ ಮಂಗಳವಾರ ನಾನು ಮಾತ್ರೆ ತರಲು ಆಸ್ಪತ್ರೆಗೆ ಹೋದೆ. ಯಾವ ಆಸ್ಪತ್ರೆ ಅಂತ ಬೇಡ. ಲಿಥಿಯಂ ಸ್ಟಾಕ್ ಇರಲಿಲ್ಲ. ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆಗೆ ಬೆಂಗಳೂರಿಗೇ ಹೋಗಿ ಅಂದರು. ಈ ಮಾತ್ರೆಗೆ ಅದು ಬೇಕೇ ಬೇಕು. ಸ್ವಲ್ಪ ಹೆಚ್ಚಾದರೆ ವಿಷ, ಕಡಿಮೆಯಾದರೆ ವ್ಯರ್ಥ. ಮುಳಬಾಗಿಲಿನ ಟ್ಯೂಬು ಎಲ್ಲೆಲ್ಲೋ ಹೋಗಿ ಮೂರು ವಾರದಲ್ಲಿ ವಾಪಸ್ ಬರುತ್ತೆ. ನನ್ನ ಎರಡು ಹನಿ ರಕ್ತ ಮಾತ್ರ ಬಸ್ ಹತ್ತಬೇಕು.

ಕ್ಯೂನಲ್ಲಿ ನನ್ನ ಮುಂದಿದ್ದವರು ತಿರುಗಿ ನೋಡಿದರು. ಅದೇ ಗಿಳಿಮೂಗು, ಅದೇ ಅಗಲ ಹಣೆ, ನಗುವಾಗ ಎಡಕ್ಕೆ ವಾಲುವ ಅದೇ ತುಟಿ. ಹಲಗೆ ಸಂದಿನಿಂದ ಒಂದೂವರೆ ಗಂಟೆ ನೋಡಿದ ಮುಖ ಮರೆಯುತ್ತದೆಯೇ? 12,000 ರೂಪಾಯಿ ಕೊಡದೆ ವಂಶ ಪತ್ತೆಯಾಯಿತು.

“ಮುಳಬಾಗಿಲಾ?” ಅಂದೆ.

ಅವರು ಅತ್ತಿತ್ತ ನೋಡಿದರು. “ನೀವು?”

“ಹೆಣ್ಣಿನ ಚಿಕ್ಕಪ್ಪ. ಧರ್ಮಸ್ಥಳದಲ್ಲಿದ್ದೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

“ಬನ್ನಿ ಬೀಗರೇ, ಕೂತ್ಕೊಳ್ಳಿ” ಎಂದರು. “ದುಬೈನಲ್ಲಿ ಇವತ್ತು ರಶ್ ಜಾಸ್ತಿ.”