ಎಣಿಕೆ 46 ಬಂದರೂ ಪಟ್ಟೆಗಳನ್ನು ನೋಡಬೇಕು

ಜೀವಕೋಶದಲ್ಲಿ ಡಿಎನ್‌ಎಯನ್ನು ಹೊತ್ತ ವರ್ಣತಂತುಗಳ (ಕ್ರೋಮೋಸೋಮ್‌ಗಳ) ಸಂಖ್ಯೆ ಎಲ್ಲರಲ್ಲಿರುವಂತೆ 46 ಇದ್ದರೆ ಡೌನ್ ಸಿಂಡ್ರೋಮ್ ಇಲ್ಲವೆಂದೇ ಅರ್ಥ ಎಂಬ ಮಾತನ್ನು ತಿದ್ದಬೇಕಾಗಿದೆ. ಬಹುಪಾಲು ಪ್ರಕರಣಗಳಲ್ಲಿ 21ನೆಯ ವರ್ಣತಂತುವಿನ ಮೂರು ಬಿಡಿ ಪ್ರತಿಗಳಿದ್ದು ಒಟ್ಟು 47 ಆಗುವುದು ನಿಜ. 1959ರಲ್ಲಿ ಪ್ಯಾರಿಸ್ಸಿನ ವೈದ್ಯ ಜೆರೋಮ್ ಲೆಜೆನ್ ಮತ್ತು ಸಂಗಡಿಗರು ಪ್ರಕಟಿಸಿದ್ದೂ ಇದನ್ನೇ. ಆದರೆ ಶೇಕಡಾ 3-4ರಷ್ಟು ಮಂದಿಯಲ್ಲಿ ಹೆಚ್ಚುವರಿ 21ರ ಉದ್ದನೆಯ ತೋಳು 14ನೆಯದರಂತಹ ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುವುದರಿಂದ ಎಣಿಸಿದವರಿಗೆ 46 ಮಾತ್ರ ಸಿಗುತ್ತದೆ. ಆಗ ಕೈಹಿಡಿಯುವುದು ವರ್ಣತಂತುಗಳಿಗೆ ಹಚ್ಚುವ ಗೀಮ್ಸಾ ಬಣ್ಣದಲ್ಲಿ ಮೂಡುವ ಪಟ್ಟೆಗಳೇ: 14ರ ಜೋಡಿಯಲ್ಲಿ ಒಂದರ ಸೆಂಟ್ರೋಮಿಯರಿನ (ಎರಡು ತೋಳುಗಳು ಕೂಡುವ ಗಂಟಿನ) ಮೇಲೆ, ಗಿಡ್ಡ ತೋಳಿರಬೇಕಾದ ಜಾಗದಲ್ಲಿ, 21ರ ದಟ್ಟ ಕಪ್ಪು ಪಟ್ಟೆ ಕುಳಿತಿರುತ್ತದೆ.

ಇಂತಹ ವರದಿ ಬಂದಾಗ ತಂದೆತಾಯಿಯರ ಕ್ಯಾರಿಯೋಟೈಪನ್ನೂ (ವರ್ಣತಂತುಗಳ ಪೂರ್ಣ ಚಿತ್ರಣವನ್ನೂ) ಪರೀಕ್ಷಿಸಲೇಬೇಕು, ಏಕೆಂದರೆ ಅವರಲ್ಲೊಬ್ಬರು ಎರಡು ವರ್ಣತಂತುಗಳು ಅಂಟಿ ಒಂದಾಗಿ ಎಣಿಕೆಗೆ 45 ಮಾತ್ರ ಇದ್ದೂ ಆರೋಗ್ಯವಾಗಿಯೇ ಇರುವ ವಾಹಕರಾಗಿರಬಹುದು, ಮತ್ತು ಮುಂದಿನ ಬಸಿರಿನ ಬಗ್ಗೆ ವೈದ್ಯರು ಕೊಡುವ ಸಲಹೆ ಅದರಿಂದಲೇ ಬದಲಾಗುತ್ತದೆ. ಡಿಎನ್‌ಎಯ ತುಣುಕು ಬಿಟ್ಟುಹೋದ ಕೊರತೆಗಳು ಸುಮಾರು 50 ಲಕ್ಷ ಬೇಸ್ ಜೋಡಿಗಳಿಗಿಂತ (ಡಿಎನ್‌ಎ ಏಣಿಯ ಮೆಟ್ಟಿಲುಗಳಿಗಿಂತ) ಚಿಕ್ಕದಾಗಿದ್ದರೆ ಮಾತ್ರ ಈ ಪಟ್ಟೆಗಳಲ್ಲಿ ಸಾಮಾನ್ಯವಾಗಿ ಕಾಣವು. ಅದಕ್ಕೆ ಡಿಎನ್‌ಎಯನ್ನೇ ಇನ್ನೂ ಸೂಕ್ಷ್ಮವಾಗಿ ನೋಡುವ ಮೈಕ್ರೋಅರೇ ಪರೀಕ್ಷೆ ಬೇಕು.